ಬಾನೆಟ್ಟಿನ ಕೆಳಗಿನ ಕೂಗು

ನಾನು ಒಂದು ಸೈರನ್. ಕಾರಿಗೆ ಕಳ್ಳ ಕೈ ಹಾಕಿದರೆ ಕೂಗಲೆಂದು ಮಾಡಿದ, ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಕಹಳೆ. ಹುಟ್ಟಿದ ದಿನ ಕಾರ್ಖಾನೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡ ಹೆಂಗಸೊಬ್ಬಳು ನನ್ನನ್ನು ಒಮ್ಮೆ ಕೂಗಿಸಿ, ಸರಿಯಿದೆ ಎಂದು ಚೀಟಿ ಅಂಟಿಸಿದಳು. ಬೇರೆ ಕೂಸುಗಳು ಅತ್ತರೆ ಎತ್ತಿಕೊಳ್ಳುತ್ತಾರೆ. ನನ್ನನ್ನು ಡಬ್ಬಿಗೆ ಹಾಕಿ ಮುಚ್ಚಿದರು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಸೀಟಿನ ಕವರುಗಳ ನಡುವೆ ಎರಡು ವರ್ಷ ಕಳೆದೆ. ಆಮೇಲೆ ಶಿವಲೀಲಾ ಕೊಂಡಳು. ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಮುಟ್ಟಿಸುವುದು ಆಕೆಯ ಉದ್ಯೋಗ. ಬೆಳಗ್ಗೆಯೆಲ್ಲ ಕಾರು ತಿರುಗುತ್ತದೆ, ಮಧ್ಯಾಹ್ನ ಓಣಿಯಲ್ಲಿ ಬಾಗಿಲ ಮುಂದೆ ನಿಲ್ಲುತ್ತದೆ. ನನಗೆ ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಪಕ್ಕ ಜಾಗ ಸಿಕ್ಕಿತು.

ಯಾವಾಗ ಕೂಗಬೇಕೆಂದು ನಾನು ತೀರ್ಮಾನಿಸುವುದಿಲ್ಲ. ಬಾನೆಟ್ಟಿನ ಅಂಚಿನಲ್ಲಿ ಸ್ಪ್ರಿಂಗಿನ ಗುಂಡಿಯೊಂದಿದೆ. ಮುಚ್ಚಿದ್ದಾಗ ಅದು ಒತ್ತಿಕೊಂಡಿರುತ್ತದೆ. ಯಾರಾದರೂ ತೆರೆದರೆ ಮೇಲೆದ್ದು ನಿಲ್ಲುತ್ತದೆ. ರಿಮೋಟಿನಿಂದ ಬೀಗ ಹಾಕಿದ್ದಾಗ ಅದು ಎದ್ದರೆ ನಾನು ಕೂಗುತ್ತೇನೆ. ನನಗೆ ಗೊತ್ತಿರುವ ಶಾಸ್ತ್ರ ಅಷ್ಟೇ.

ಶಿವಲೀಲಾಗೆ ಗೊತ್ತಿದ್ದ ಶಾಸ್ತ್ರ ಬೇರೆ. ಪ್ರತಿ ಅಮಾವಾಸ್ಯೆಗೆ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ಮೊದಲು ಎಲ್ಲರಂತೆ ಮುಂದಿನ ಬಂಪರಿಗೇ ಕಟ್ಟುತ್ತಿದ್ದಳು. ಓಣಿಯ ಹೋತವೊಂದು ಎರಡು ಸಲ ಮೆಣಸಿನಕಾಯಿ ತಿಂದ ಮೇಲೆ ಬಾನೆಟ್ ಎತ್ತಿ ಒಳಗಿನ ಪಟ್ಟಿಗೆ ಕಟ್ಟತೊಡಗಿದಳು. ಹಳೆಯ ಹಣ್ಣನ್ನು ಕಿತ್ತು ಮೂರು ದಾರಿ ಕೂಡುವಲ್ಲಿ ಎಸೆಯುವಳು. ದಾರವನ್ನು ಮಾತ್ರ ಪಟ್ಟಿಯ ಮೇಲೆ ಹಾಗೇ ಬಿಡುವಳು. ದೃಷ್ಟಿಗೆ ಕಟ್ಟಿದ ದಾರಕ್ಕೆ ಕತ್ತರಿ ತಾಗಿಸಬಾರದೆಂದು ಅತ್ತೆ ಹೇಳಿದ್ದಳಂತೆ. ಹೀಗೆ ಗಂಟಿನ ಮೇಲೆ ಗಂಟು ಬಿದ್ದು ಹನ್ನೊಂದು ಅಮಾವಾಸ್ಯೆಯ ದಾರ ಒಂದು ಕರಿ ಉಂಡೆಯಾಯಿತು. ಬಾನೆಟ್ ಅದರ ಮೇಲೆ ಕೂತು ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತು. ಮಧ್ಯಾಹ್ನ ಗ್ಯಾಸ್ ಸಿಲಿಂಡರಿನ ಲಾರಿ ಹಾದರೆ ಸಾಕು, ಬಾನೆಟ್ ನಡುಗುವುದು, ಗುಂಡಿ ಏಳುವುದು, ನಾನು ಕೂಗುವುದು.

ಎದುರುಮನೆಯಲ್ಲಿ ಮೌಲಾಸಾಬ ಮಲಗಿರುತ್ತಿದ್ದ. ಅವನು ಪುಣೆಗೆ ಹೋಗುವ ರಾತ್ರಿ ಬಸ್ಸಿನ ಡ್ರೈವರು. ಒಂದು ದಿನ ಕೆಂಪು ಕಣ್ಣು ಹೊತ್ತು ಹೊರಗೆ ಬಂದ.

"ಅಕ್ಕಾರ, ರಾತ್ರಿ ನಲವತ್ತು ಮಂದಿ ನನ್ನ ನಂಬಿ ಮಕ್ಕೊಂತಾರ. ಹಗಲೊತ್ತು ನಾ ಮಕ್ಕೋಬೇಕಲ್ರೀ?"

"ನಾನರ ಏನ್ ಮಾಡ್ಲಿ ಮೌಲಾಣ್ಣ? ಅದಕ್ಕ ಯಾರ್ದೋ ಕಣ್ಣ ಬಿದ್ದೈತಿ. ಕೂಸು ಹಂಗ ಒಂದ ಸವನ ಅಳತೈತಿ ಅಂದ್ರ ಮತ್ತೇನು?"

ಅಳುವ ಕೂಸಿಗೆ ಮಾಡುವುದನ್ನೇ ನನಗೂ ಮಾಡಿದಳು. ಇನ್ನೊಂದು ನಿಂಬೆಹಣ್ಣು ಕಟ್ಟಿದಳು, ಈ ಸಲ ಎರಡೆಳೆ ದಾರದಲ್ಲಿ. ಉಂಡೆ ಇನ್ನಷ್ಟು ದಪ್ಪವಾಯಿತು. ನಾನು ದಿನಕ್ಕೆರಡು ಸಲ ಕೂಗುತ್ತಿದ್ದವನು ಐದು ಸಲ ಕೂಗಿದೆ.

ರಿಪೇರಿಗೆ ಆಟೋ ಎಲೆಕ್ಟ್ರಿಷಿಯನ್ ದ್ಯಾಮಣ್ಣ ಬಂದ. ಬ್ಯಾಟರಿ ನೋಡಿದ, ರಿಮೋಟಿನ ಸೆಲ್ ಬದಲಿಸಿದ, ನಾಲ್ಕೂ ಬಾಗಿಲು ತೆಗೆದು ಹಾಕಿದ. ಕೊನೆಗೆ ನನ್ನ ತಲೆಗೆ ಸ್ಕ್ರೂಡ್ರೈವರಿನಿಂದ ಕುಟ್ಟಿ, "ಇದ ಹಲ್ಕಟ್ ಮಾಲ್ ಐತ್ರಿ" ಎಂದ. ಕೂಗುವವನ ಮೇಲೇ ಗುಮಾನಿ ಬೀಳುವುದು ಲೋಕದ ವಾಡಿಕೆ. ಉಂಡೆ ಅವನಿಗೂ ಕಂಡಿತು. ಪೂಜೆಯ ವಸ್ತುವೆಂದು ಎಚ್ಚರದಿಂದ ಕೈ ಹಿಂದೆಗೆದುಕೊಂಡ.

"ಹಂಗಾರ ಈ ಸೈರನ್ನ ಕಿತ್ತ ಒಗಿಯೋ ಮಾರಾಯಾ" ಎಂದ ಮೌಲಾಸಾಬ.

"ಕಿತ್ತರ ಗಾಡಿ ಚಾಲೂ ಆಗೂದಿಲ್ಲ. ವೈರ್ ಎಲ್ಲಾ ಒಂದಕ್ಕೊಂದು ಗಂಟ ಬಿದ್ದೈತಿ. ಬಿಡಸಾಕ ಒಂದ ದಿನಾ ಬೇಕು."

"ಮುಂಜಾನೆ ರೊಟ್ಟಿ ಯಾರ ಒಯ್ಬೇಕು?" ಎಂದಳು ಶಿವಲೀಲಾ. "ಅಮಾಸಿ ತನಕಾ ತಡೀರಿ, ಕಮ್ಮಿ ಆಕ್ಕೈತಿ."

ಉಂಡೆ ನನ್ನ ಕಣ್ಣೆದುರೇ ಇತ್ತು. ಆದರೆ ನನಗೆ ಬರುವುದು ಒಂದೇ ಮಾತು. ಅದನ್ನೇ ಆಡಿದೆ.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ನಸುಕಿನಲ್ಲಿ ಮೌಲಾಸಾಬನ ಬಸ್ಸು ಡಿವೈಡರ್ ಹತ್ತಿತು. ಕಣ್ಣು ಮುಚ್ಚಿದ್ದು ಎರಡು ಕ್ಷಣವಂತೆ. ಯಾರೂ ಸಾಯಲಿಲ್ಲ. ಪ್ರಯಾಣಿಕಳೊಬ್ಬಳ ಕೈ ಮುರಿಯಿತು. ಹತ್ತೊಂಬತ್ತು ವರ್ಷ ಗಾಡಿ ಓಡಿಸಿದವನನ್ನು ಮಾಲೀಕರು ಒಂದು ಫೋನಿನಲ್ಲಿ ಕೆಲಸದಿಂದ ಬಿಡಿಸಿದರು.

ಮರುದಿನ ಮಧ್ಯಾಹ್ನ ಅವನು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಲಾರಿ ಬಂತು, ನಾನು ಕೂಗಿದೆ. ಶಿವಲೀಲಾ ಓಡಿ ಬಂದು ರಿಮೋಟ್ ಒತ್ತಿದಳು, ಬಾನೆಟ್ ತೆಗೆದು ನೋಡಿ ಮುಚ್ಚಿದಳು.

"ಇನ್ನೊಮ್ಮೆ ಮುಚ್ಚರಿ" ಎಂದ ಮೌಲಾಸಾಬ.

ಮುಚ್ಚಿದಳು.

"ಬಾನೆಟ್ ಕುಂದ್ರವಲ್ದು. ಸಪ್ಪಳ ಕೇಳ್ರಿ, ಹಾಸಿಗಿ ಮ್ಯಾಲೆ ಬಿದ್ದಂಗ."

ಎದ್ದು ಬಂದು ತಾನೇ ತೆರೆದ. ಉಂಡೆ ಮುಟ್ಟಿದ, ಪಕ್ಕದ ಗುಂಡಿ ಒತ್ತಿ ನೋಡಿದ. ಕತ್ತರಿ ಕೇಳಲಿಲ್ಲ. ಒಂದೊಂದೇ ಗಂಟನ್ನು ಉಗುರಿನಿಂದ ಬಿಚ್ಚುತ್ತ ನಿಂತ. ಆಕೆ ಪಕ್ಕದಲ್ಲಿ ನಿಂತು ಬಿಚ್ಚಿದ ದಾರವನ್ನು ಸೆರಗಿನಲ್ಲಿ ಹಿಡಿದಳು. ಎಲ್ಲ ಮುಗಿದ ಮೇಲೆ ಬಾನೆಟ್ ಟಪ್ಪೆಂದು ಕೂತಿತು.

"ಇಷ್ಟ ಏನು?" ಎಂದಳು ಶಿವಲೀಲಾ.

"ಇಷ್ಟ ರೀ ಅಕ್ಕಾರ."

ಅಂದಿನಿಂದ ನಾನು ಕೂಗಲಿಲ್ಲ. ಶಿವಲೀಲಾ ಎದುರುಮನೆಗೆ ದಿನಾ ರೊಟ್ಟಿ ಕಳಿಸಿದಳು. ದಿನಾ ತಟ್ಟೆ ತೊಳೆದು ವಾಪಸು ಬಂತು.

ಎರಡು ವರ್ಷದ ನಂತರ ಆಕೆ ಕಾರು ಮಾರಿದಳು. ಕೊಂಡವನು ಹೊಸ ಅಲಾರಂ ಹಾಕಿಸಿದ. ನನ್ನನ್ನು ಬಿಚ್ಚಿದವನು ದ್ಯಾಮಣ್ಣನೇ. ಅವನ ಶೆಡ್ಡಿನಲ್ಲಿ ಮೌಲಾಸಾಬನೂ ಇದ್ದ. ರಿಪೇರಿಯಾದ ಗಾಡಿಗಳನ್ನು ಒಂದು ಸುತ್ತು ಓಡಿಸಿ ನೋಡುವುದು ಈಗ ಅವನ ಕೆಲಸ. ಊಟ ಮಾಡಿ ಬೆಂಚಿನ ಮೇಲೆ ಮಲಗಿದ್ದ.

ಜೀವವಿದೆಯೋ ನೋಡೋಣವೆಂದು ದ್ಯಾಮಣ್ಣ ನನ್ನ ತಂತಿಗಳನ್ನು ಬ್ಯಾಟರಿಗೆ ತಾಗಿಸಿದ. ನಾನು ಕೂಗಿದೆ, ಎರಡು ವರ್ಷದ್ದನ್ನೆಲ್ಲ ಸೇರಿಸಿ. ಎದುರಿನ ಪಂಕ್ಚರ್ ಅಂಗಡಿಯವನು ಬೈದ. ಮರದಿಂದ ಕಾಗೆಗಳೆದ್ದವು.

ಮೌಲಾಸಾಬ ಮಗ್ಗುಲು ಸಹ ಬದಲಿಸಲಿಲ್ಲ. ಬಾಯಿ ತುಸು ತೆರೆದು, ಒಂದು ಕೈ ನೆಲಕ್ಕೆ ಇಳಿಬಿಟ್ಟು ನಿದ್ರಿಸುತ್ತಿದ್ದ. ಅವನು ಎದ್ದು ಹೋಗಿ ಬಸ್ಸು ಓಡಿಸಬೇಕಾದ ರಾತ್ರಿ ಯಾವುದೂ ಇರಲಿಲ್ಲ.

ದ್ಯಾಮಣ್ಣ ತಂತಿ ಬಿಡಿಸಿ, ನನ್ನನ್ನು ಮೊಳೆಗಳ ಡಬ್ಬಿಗೆ ಹಾಕಿದ. ಅಲ್ಲೇ ಇದ್ದೇನೆ. ನನ್ನಲ್ಲಿ ದೋಷವಿರಲಿಲ್ಲ. ಅದರಿಂದ ಯಾರಿಗೆ ಏನು ಉಪಯೋಗವಾಯಿತೋ ನನಗೆ ತಿಳಿಯದು.