ಆ ಕಡೆಯವರಿಗೂ ಕಾಣಬೇಕು

"ತಲೆ ಕಡೆ ಸ್ವಲ್ಪ ಎತ್ರೋ, ಕಂಬಿಗೆ ತಗಲ್ತಿದೆ!" ಎಂದು ಲಾಕ್ಲನ್ ಕೂಗಿದ. ಅವನ ಅಣ್ಣ ಮರ್ಡೊನ ಶವಪೆಟ್ಟಿಗೆ ಜೆಟ್ಟಿಯಿಂದ ದೋಣಿಗೆ ಇಳಿಯುತ್ತಿತ್ತು. ಎಷ್ಟು ತಿರುಗಿಸಿದರೂ ಅದು ಬೆಂಚುಗಳ ನಡುವೆ ಹಿಡಿಸಲಿಲ್ಲ. ಕೊನೆಗೆ ಎಡಗಡೆಯ ಬೆಂಚಿನ ಮೇಲೆ, ಪ್ರವಾಸಿಗರು ಕ್ಯಾಮೆರಾ ಹಿಡಿದು ಕೂರುವ ಜಾಗದಲ್ಲೇ, ಮರ್ಡೊನನ್ನು ಮಲಗಿಸಿ ಹಗ್ಗ ಬಿಗಿದರು.

"ಹನ್ನೆರಡು ಜನಕ್ಕಷ್ಟೇ ಪರವಾನಗಿ ಈ ದೋಣಿಗೆ. ಅಣ್ಣನ್ನ ಲೆಕ್ಕಕ್ಕೆ ಹಿಡೀಬೇಕೋ ಬೇಡ್ವೋ?" ಎಂದ ಲಾಕ್ಲನ್.

"ಮಾವನೇ ಇದ್ದಿದ್ರೆ ಹಿಡೀತಿದ್ದ," ಎಂದಳು ಚುಕ್ಕಾಣಿಯ ಹತ್ತಿರವಿದ್ದ ಕಿರ್ಸ್ಟಿ. ಅವಳು ಮರ್ಡೊನ ತಂಗಿಯ ಮಗಳು. ಮಾವನ ಜೊತೆ ಈ ಪ್ರವಾಸಿ ದೋಣಿಯಲ್ಲಿ ವರ್ಷಗಟ್ಟಲೆ ದುಡಿದು, ಅವನಿಗೆ ಎದೆನೋವು ಶುರುವಾದ ಮೇಲೆ ದೋಣಿ ನಡೆಸುತ್ತಿದ್ದವಳು. "ಒಬ್ರು ಇಳೀರಿ."

ಅಂಚೆಯ ಆಂಗಸ್ ಗೊಣಗುತ್ತ ಇಳಿದ. ಸತ್ತ ಮೇಲೂ ಮರ್ಡೊ ತನ್ನ ಕಾಯಿದೆ ಬಿಡಲಿಲ್ಲವಲ್ಲ ಎಂದು ಎಫಿಗೆ ನಗು ಬಂತು. ಗಂಡನ ಹೆಣದ ಮುಂದೆ ನಗುವುದೇ ಎಂದು ಕೈವಸ್ತ್ರ ಬಾಯಿಗೆ ಒತ್ತಿಕೊಂಡಳು.

ಹೋಗಬೇಕಾಗಿದ್ದದ್ದು ಸ್ಕಾಲಸೇ ದ್ವೀಪಕ್ಕೆ. ಅಲ್ಲೀಗ ಪಫಿನ್ ಹಕ್ಕಿಗಳು, ಸೀಲ್‌ಗಳು ಬಿಟ್ಟರೆ ಯಾರೂ ಇಲ್ಲ. ಆದರೆ ಮರ್ಡೊನ ಹಿರೀಕರೆಲ್ಲ ಮಲಗಿರುವುದು ಅಲ್ಲೇ, ನಾಲ್ಕು ವರ್ಷಕ್ಕೇ ಜ್ವರದಲ್ಲಿ ಹೋದ ಮಗಳು ಊನಾ ಕೂಡ. "ನನ್ನನ್ನ ಅವಳ ಪಕ್ಕದಲ್ಲಿ ಹಾಕು," ಎಂದಿದ್ದ ಮರ್ಡೊ ಈ ವಸಂತದಲ್ಲಿ, ಬೂಟಿನ ದಾರ ಕಟ್ಟುತ್ತ. ಇಡೀ ಬಾಳಿನಲ್ಲಿ ಅವನು ಎಫಿಯನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಿನ್ನೆ ಕಡಲು ಸುಮ್ಮನಿದ್ದಾಗ ಲಾಕ್ಲನ್ ಹೋಗಿ ಗುಂಡಿ ತೋಡಿ ಬಂದಿದ್ದ.

*

ಹಿಂದೊಂದು ಜೂನ್‌ನಲ್ಲಿ, ತೀರಿಕೊಂಡಿದ್ದ ಊನಾಳ ಹುಟ್ಟುಹಬ್ಬದ ದಿನ, ಎಫಿ ಪ್ರವಾಸಿಗರ ನಡುವೆ ಅವಳ ಗೋರಿಗೆಂದು ಮಡಿಲಲ್ಲಿ ಹೂ ಇಟ್ಟುಕೊಂಡು ಇದೇ ದೋಣಿಯಲ್ಲಿ ಕೂತಿದ್ದಳು. ಸ್ಕಾಲಸೇಯ ಇಳಿದಾಣದ ಪಕ್ಕದಲ್ಲಿ ಮುದುಕಿ ಎಂಬ ಬಂಡೆ ಇದೆ. ಮುದುಕಿ ಬಿಳಿ ಟೋಪಿ ಹಾಕಿಕೊಂಡಳೆಂದರೆ, ಅಂದರೆ ಅಲೆ ಅದರ ನೆತ್ತಿಯ ಮೇಲೆ ಒಡೆಯಿತೆಂದರೆ, ಮರ್ಡೊ ಯಾರನ್ನೂ ಇಳಿಸುತ್ತಿರಲಿಲ್ಲ. ಅವತ್ತು ಒಡೆಯಿತು.

"ನಾನೊಬ್ಳೇ ಹಾರ್ತೀನಿ ಕಣ್ರೀ. ನಿಮ್ಮ ಮಗಳು ರೀ ಅಲ್ಲಿರೋದು."

"ಗೊತ್ತು ಎಫಿ."

"ಗೊತ್ತಿದ್ರೆ ಹತ್ರ ಹಿಡೀರಿ."

ಹಿಡಿಯಲಿಲ್ಲ. ಇಳಿಯಲಾಗದ ದಿನ ಮಾಡುವಂತೆ ದೋಣಿಯನ್ನು ದ್ವೀಪಕ್ಕೆ ಮಗ್ಗುಲಾಗಿ ನಿಲ್ಲಿಸಿದ. ಬಲಗಡೆಯವರು ಕಣ್ತುಂಬ ನೋಡಿದ ಮೇಲೆ, "ಆ ಕಡೆಯವರಿಗೂ ಕಾಣಬೇಕಲ್ಲ," ಎಂದು ದೋಣಿಯನ್ನು ಪೂರ್ತಿ ತಿರುಗಿಸಿದ. ಪ್ರವಾಸಿಗರು ಸೀಲ್ ಮರಿ ಕಂಡು ಕುಣಿದಾಡಿದರು. ಎಫಿ ಹೂವನ್ನು ಅವನ ಕಾಲ ಹತ್ತಿರ ಎಸೆದಳು. ಆ ದಿನ ಅವಳಿಗೆ ಗಂಡನ ಮೇಲೆ ಬಂದ ಸಿಟ್ಟು ಎಷ್ಟೋ ದಿನ ಆರಲಿಲ್ಲ. ಅವನೂ ಆ ಮಾತು ಮತ್ತೆ ಎತ್ತಲಿಲ್ಲ.

*

ಈಗ ಸ್ಕಾಲಸೇ ಹತ್ತಿರವಾದಂತೆ ಎಲ್ಲರ ಕಣ್ಣೂ ಬಂಡೆಯ ಮೇಲೆ. ಒಂದು ಅಲೆ ಬುಡಕ್ಕೆ ಬಡಿದು ಹೋಯಿತು, ಇನ್ನೊಂದು ಸೊಂಟದವರೆಗೆ ಏರಿತು. ಮೂರನೆಯದು ನೆತ್ತಿಯ ಮೇಲೆಯೇ ಒಡೆದು ಬೆಳ್ಳಗೆ ಸುರಿಯಿತು.

"ಇಷ್ಟಕ್ಕೆಲ್ಲಾ ಏನೂ ಆಗಲ್ಲ, ಹೊಡಿಯೇ ಮುಂದಕ್ಕೆ!" ಲಾಕ್ಲನ್ ಎದ್ದು ನಿಂತ. "ನಾವೆಲ್ಲ ಹೆಗಲು ಕೊಡ್ತೀವಿ."

"ಕೈಯಲ್ಲಿ ಪೆಟ್ಟಿಗೆ ಹಿಡಿದು, ಆ ಪಾಚಿ ಮೇಲೆ, ಈ ಬೂಟಲ್ಲಿ?" ಕಿರ್ಸ್ಟಿ ದೋಣಿಯ ವೇಗ ತಗ್ಗಿಸಿದಳು. "ನಂಗೂ ಆಸೆ ಇಲ್ವಾ ಲಾಕ್ಲನ್ ಮಾವ?"

"ಹಾಗಾದ್ರೆ ಕಾಯೋಣ."

"ಎಷ್ಟೊತ್ತು? ಅಲೆ ಏರ್ತಾನೇ ಇದೆ. ವಾರವೆಲ್ಲ ಗಾಳಿ ಅಂತ ರೇಡಿಯೋದಲ್ಲಿ ಹೇಳಿದ್ರು." ಅವಳು ಹಿಂದಿರುಗಿ ನೋಡಿದಳು. "ಅತ್ತೆ, ನೀವೇ ಹೇಳಿ. ನೀವು ಹೋಗು ಅಂದ್ರೆ ಹೋಗ್ತೀನಿ."

ಎಫಿಗೆ ಹೋಗು ಎಂದು ಕಿರುಚಬೇಕೆನಿಸಿತು. ಅವಳು ಕುಳಿತಿದ್ದ ಬಲಗಡೆಯಿಂದ ಎಲ್ಲವೂ ಕಾಣುತ್ತಿತ್ತು. ಹಸಿರು ಇಳಿಜಾರಿನಲ್ಲಿ ನಿನ್ನೆ ತೋಡಿದ ಮಣ್ಣಿನ ಕಂದು ಗುಪ್ಪೆ, ಅದರ ಪಕ್ಕದಲ್ಲಿ ಊನಾಳ ಪುಟ್ಟ ಕಲ್ಲು. ಇಷ್ಟು ಹತ್ತಿರ ತಂದು ಕಿತ್ತುಕೊಳ್ಳುತ್ತಿದ್ದಾನಲ್ಲ ದೇವರು ಎಂದುಕೊಂಡಳು. ಲಾಕ್ಲನ್‌ನ ಮುಖ ನೋಡಿದಳು, ಹೊಸ ಕರಿ ಬೂಟು ಹಾಕಿಕೊಂಡು ಬಂದಿದ್ದ ನೆರೆಯವರನ್ನು ನೋಡಿದಳು. ಇವರಲ್ಲಿ ಯಾರು ಜಾರಿದರೂ ಅವರ ಮನೆಯಲ್ಲೂ ಒಬ್ಬಳು ಎಫಿ ಇದ್ದಾಳೆ.

"ಬೇಡ," ಎಂದಳು.

ಪಾದ್ರಿ ಮೆಲ್ಲಗೆ, "ಊರ ಗುಡ್ಡದ ಸ್ಮಶಾನದಲ್ಲಿ ಜಾಗ ಇದೆ ಎಫಿ," ಎಂದರು.

"ಹಾಕಿ. ಎಲ್ಲಾದರೂ ಹಾಕಿ."

ಲಾಕ್ಲನ್ ಕುಸಿದು ಕೂತು ಮಗುವಿನ ಹಾಗೆ ಅತ್ತ. "ನಾನೇ ತೋಡಿದ್ದು ಅತ್ತಿಗೆ. ನಿನ್ನೆ ಎಷ್ಟು ಚೆನ್ನಾಗಿತ್ತು ಗೊತ್ತಾ. ಕನ್ನಡಿ ಇದ್ದಂಗಿತ್ತು ಕಡಲು."

ಕಿರ್ಸ್ಟಿ ಕಣ್ಣೊರೆಸಿಕೊಂಡು ಚುಕ್ಕಾಣಿಯನ್ನು ಊರಿನ ಕಡೆಗೆ ಎಳೆಯತೊಡಗಿದಳು.

"ತಡಿಯೇ," ಎಂದಳು ಎಫಿ. ಎದ್ದು ಎಡಗಡೆಗೆ ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟಳು. ಆ ಕಡೆ ಬರೀ ಕಡಲಿತ್ತು. "ಮೊದಲು ಪೂರ್ತಿ ತಿರುಗಿಸು. ಈ ಕಡೆಯವರು ಇನ್ನೂ ನೋಡಿಲ್ಲ."

ಕಿರ್ಸ್ಟಿ ದೋಣಿ ತಿರುಗಿಸಿದಳು. ದ್ವೀಪ ನಿಧಾನವಾಗಿ ಎಡಗಡೆಗೆ ಬಂತು. ಪೆಟ್ಟಿಗೆಯ ಮುಂದೆ ಕಂಬಿ ಹಿಡಿದು ನಿಂತಿದ್ದವರು, ಅಡ್ಡ ಬರಬಾರದೆಂದು, ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು.