ದಮ್ಮು ಇಲ್ಲ

ಆರಾಮಕುರ್ಚಿಯಲ್ಲಿ ಆಸೀನರಾಗಿರುವ ಮಾನ್ಯ ವಾಚಕರೇ, ತಾಂಡೂರಿನ ಫರಸಿಗಲ್ಲಿನ ತಂಪನ್ನು ತಮ್ಮ ಪಾದಗಳು ಬಲ್ಲವು. ಅದನ್ನು ಕೊಯ್ದವರ ಉಸಿರಿನ ಸದ್ದನ್ನು ತಮ್ಮ ಕಿವಿಗಳು ಕೇಳಿರಲಾರವು. ಊರೂರು ಅಲೆದು, ಯಾಲಾಲ್ ರಸ್ತೆಯ ಕಾರ್ಖಾನೆಯೊಂದರಲ್ಲಿ ಕಲ್ಲು ಹೊರುತ್ತಿದ್ದ ನಾನು ಕಂಡದ್ದನ್ನು ಕಂಡಂತೆ ನಿವೇದಿಸುತ್ತೇನೆ.

"ಏ ಬೋಳಿ, ನಾಟಕ ಹೂಡಬ್ಯಾಡ. ನಿನ್ನ ಮಷಿನ್ ಖಾಲಿ ನಿಂತದ," ಎಂದು ಮಾಲೀಕ ಲಿಂಗರಾಜ ಸುಗಲಾಬಾಯಿಯ ಮೇಲೆ ಹರಿಹಾಯ್ದ.

ಕೊಯ್ಯುವ ಯಂತ್ರದ ಮುಂದೆ ಆಕೆ ಹದಿನಾಲ್ಕು ವರ್ಷ ನಿಂತವಳು. ಧೂಳೇಳದಂತೆ ಕೊಯ್ಯುವ ಗಾಲಿಗೆ ಬಿಡುವ ಟ್ಯಾಂಕರಿನ ನೀರು ದಂಡವೆಂದು ಲಿಂಗರಾಜ ನಲ್ಲಿ ಮುಚ್ಚಿಸಿದ್ದರಿಂದ ಒಣಕಲ್ಲಿನ ಧೂಳೆಲ್ಲ ಅವಳ ಎದೆಗೇ ಇಳಿದಿತ್ತು. ಈಚೆಗೆ ಗೋಡೆಗೊರಗಿ ಕುಳಿತೇ ನಿದ್ರಿಸುತ್ತಿದ್ದಳು. ಬಯಲಿನಲ್ಲಿ ಕಲ್ಲು ಜೋಡಿಸುವ ಕೆಲಸ ಸಿಕ್ಕರೆ ಇನ್ನಷ್ಟು ದಿನ ಬದುಕಿಯಾಳು.

ಅದಕ್ಕೊಂದು ಕರಾರಿತ್ತು. ಆರೋಗ್ಯ ಕಂಪನಿಯವರು ಟ್ಯಾಬ್ ತಂದಿದ್ದರು. ಪ್ರಶ್ನೆ ಕೇಳಿ ಕೊಳವೆಯೊಳಗೆ ಊದಿಸಿದರೆ ಅದರಲ್ಲಿ ಮನುಷ್ಯನ ಚಿತ್ರ ಮೂಡುತ್ತಿತ್ತು. ಕೆಟ್ಟ ಅಂಗ ಕೆಂಪು, ನೆಟ್ಟಗಿದ್ದುದು ಹಸಿರು. ಎದೆ ಕೆಂಪಾದವರಿಗೆ ಬಯಲು, ಮಿಕ್ಕವರಿಗೆ ಯಂತ್ರ.

ಸುಗಲಾಬಾಯಿಯ ಚಿತ್ರ ನೆತ್ತಿಯಿಂದ ಹಿಮ್ಮಡಿಯವರೆಗೆ ಹಸಿರಾಗಿತ್ತು.

"ಏನ್ ಕೇಳಿದ್ರಬೇ ನಿನಗ?" ಎಂದೆ.

"ಟ್ಯಾಬಿನ ಹುಡುಗಿ ದಮ್ಮು ಇದೆಯಾ ಅಂದ್ಳು. ಎಲ್ಲೀ ದಮ್ಮು ತಾಯಿ, ನಾಕು ಮೆಟ್ಲ ಹತ್ತಾಕ ದಮ್ಮಿಲ್ಲ ಅಂದೆ."

ಟ್ಯಾಬಿನಲ್ಲಿ 'ದಮ್ಮು: ಇಲ್ಲ' ಎಂದು ದಾಖಲಾಗಿತ್ತು. ಕೇಳಿದವಳು ಉಬ್ಬಸದ ರೋಗವನ್ನು ಕೇಳಿದ್ದಳು. ಹೇಳಿದವಳು ಕಸುವನ್ನು ಹೇಳಿದ್ದಳು.

ಟ್ಯಾಬ್ ಹಿಡಿದಿದ್ದ ಪೂರ್ಣಿಮಾಳಿಗೆ ನಾನಿದನ್ನು ಬಿಡಿಸಿ ಹೇಳಿದೆ. ಅವಳು ಮುಖ ಸಪ್ಪಗೆ ಮಾಡಿಕೊಂಡು 'ಇಲ್ಲ' ಅಳಿಸಿ 'ಇದೆ' ಒತ್ತಿದಳು. ಆದರೂ ಚಿತ್ರ ಹಸಿರಾಗಿಯೇ ಉಳಿಯಿತು.

"ಅಕ್ಕಾ, ಇದು ನಿಮ್ಮನ್ನ ನಿಮ್ಮ ಜೊತೆ ಕೆಲಸ ಮಾಡೋರ ಸರಾಸರಿಗೆ ಹೋಲಿಸುತ್ತೆ. ನಿಮ್ಮನ್ನೂ ಸೇರಿಸಿ ಇಲ್ಲಿ ಮೂವತ್ತೊಂದು ಜನ ಊದಿರೋದೂ ಇಷ್ಟೇ. ಅದಕ್ಕೇ ಸರಿಯಿದೆ ಅಂತ ತೋರಿಸ್ತಿದೆ."

"ಹಂಗಾರ ಎಲ್ಲಾರೂ ಸಾಯಾಕತ್ತಿದ್ರ ಸಾಯೋದೇ ಛಲೋ ತಬಿಯತ್ ಅಂತೀರೇನವ್ವ?"

ಲಿಂಗರಾಜ ನಕ್ಕ. "ಕಂಪ್ಯೂಟರ್ ಸುಳ್ಳು, ಈಕಿ ಸತ್ಯವಂತಿ. ನಡಿ, ಗಾಲಿ ತಿರುಗಸು."

"ನಡೀತೀನ್ರಿ ಸಾವ್ಕಾರ. ನೀವೂ ಒಮ್ಮೆ ಊದ್ರಿ. ಗಾಜಿನ ಖೋಲ್ಯಾಗ ಕುಂತೋರು, ನಿಮ್ಮ ದಮ್ಮು ನೋಡೂಣು."

ಸುತ್ತಲಿದ್ದವರು ಕಿಸಕ್ಕೆಂದರು. ಲಿಂಗರಾಜನಿಗೆ ಅದು ಮೀಸೆಯ ಪ್ರಶ್ನೆಯಾಯಿತು. ಕೊಳವೆ ಕಸಿದು, ಕೆನ್ನೆಯುಬ್ಬಿಸಿ ಊದಿದ.

ಪೂರ್ಣಿಮಾ ಅವನ ಅಂಕಿಯನ್ನು ನೋಡಿದಳು, ನಮ್ಮನ್ನೂ ನೋಡಿದಳು. ಬಳಿಕ ತುಟಿ ಬಿಗಿಹಿಡಿದು, ಹೋಲಿಕೆಗೆ ನಮ್ಮ ಸರಾಸರಿಯ ಬದಲು ಅವನ ಅಂಕಿಯನ್ನಿಟ್ಟು ಗುಂಡಿ ಒತ್ತಿದಳು.

ಚಿತ್ರಗಳು ಸಾಲಾಗಿ ತೆರೆದುಕೊಂಡವು. ಮೂವತ್ತೊಂದು ಮಂದಿ, ಮೂವತ್ತೊಂದು ಕೆಂಪು ಎದೆಗಳು. ಅವುಗಳಲ್ಲಿ ಹನ್ನೆರಡನೆಯದು ನನ್ನದು.

"ಅದನ್ನ ಮೊದಲಿನಂಗ ಹಸಿರು ಮಾಡು," ಎಂದ ಲಿಂಗರಾಜ. ಅವನ ದನಿ ಇಳಿದಿತ್ತು.

ಪೂರ್ಣಿಮಾ ಟ್ಯಾಬನ್ನು ಎದೆಗವಚಿಕೊಂಡಳು.

ಸುಗಲಾಬಾಯಿ ಎದ್ದಳು. ಎರಡು ಕಡೆ ನಿಂತು ಸುಧಾರಿಸಿಕೊಂಡು ಗೋಡೆಯ ತನಕ ನಡೆದು, ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಕೆಳಗೆಳೆದಳು. ಅಲ್ಲಿಯೇ, ಅದರ ಕೆಳಗೆ ಬೆನ್ನುಕೊಟ್ಟು ಕುಳಿತಳು.

ಗಾಲಿಗಳೆಲ್ಲ ನಿಂತವು. ಆಗ ಕೇಳಿಸಿತು ಆ ಸದ್ದು: ಮೂವತ್ತೊಂದು ಎದೆಗಳ ಸಿಳ್ಳು, ಕುಲುಮೆಯ ತೂತುಬಿದ್ದ ತಿದಿಗಳನ್ನು ಒಟ್ಟಿಗೇ ಒತ್ತಿದಂತೆ.

ಲಿಂಗರಾಜ ನನ್ನತ್ತ ತಿರುಗಿದ. "ಕಡ್ಡಿ ಗೀರಿದಾಂವ ನೀನೇ, ಭಾಡ್ಯಾ. ಗಂಟು ಕಟ್ಟು."

ಕಟ್ಟುವಷ್ಟು ಏನಿತ್ತು? ಎರಡು ಅಂಗಿ, ಒಂದು ಚಾದರ, ರಟ್ಟು ಕಿತ್ತ ಮೂರು ಕಾದಂಬರಿಗಳು. ಹೆಗಲಿಗೇರಿಸಿ ಧಾರೂರಿನ ದಾರಿ ಹಿಡಿದೆ. ಏರಿನ ಅರ್ಧಕ್ಕೇ ದಮ್ಮು ಕಟ್ಟಿ ಮೈಲುಗಲ್ಲಿನ ಮೇಲೆ ಕುಳಿತು ಹಿಂದಕ್ಕೆ ಕಿವಿಗೊಟ್ಟೆ. ಯಂತ್ರಗಳ ಸದ್ದು ಇನ್ನೂ ಆರಂಭವಾಗಿರಲಿಲ್ಲ. ಎದ್ದು ನಡೆದೆ.