ಒಂಬತ್ತು ತಾಯಂದಿರ ಹೆಸರು

೧೯೮೮ನೇ ಇಸವಿ ಫೆಬ್ರುವರಿ ೧೧, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಾನು, ಅರವತ್ತು ನಿಮಿಷದ ಒಂದು ಕ್ಯಾಸೆಟ್, ಮೊದಲ ಸಲ ಮನುಷ್ಯರ ದನಿ ಹಿಡಿದದ್ದು ಆಗ. ಅದಕ್ಕೂ ಮುನ್ನ ನಾನು ಬರಿಯ ಪ್ಲಾಸ್ಟಿಕ್ ಪಟ್ಟಿ. ಮೈತುಂಬ ತುಕ್ಕಿನ ಬಣ್ಣದ ಕಬ್ಬಿಣದ ಕಣಗಳು. ಹಳಿಯಾಳದ ಅಂಗಡಿಯಿಂದ ನನ್ನನ್ನು ತಂದವಳು ಮೋನಿಕಾ, ಶಿಕ್ಷಕಿಯಾಗಲು ಓದುತ್ತಿದ್ದ ಸಿದ್ದಿ ಹುಡುಗಿ.

ಎದುರಿಗೆ ಕೂತವಳು ಅವಳ ಅಜ್ಜಿ ರುಜಿನ್. ಆ ಕೇರಿಯಲ್ಲಿ ಹಿರಿಯರ ಪೂಜೆಯ ದಿನ ಸಾಲಾಗಿ ಎಲೆ ಹಾಕಿ, ಒಂಬತ್ತು ತಲೆಮಾರಿನ ತಾಯಂದಿರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವ ಹಾಡೊಂದಿತ್ತು. ಅದನ್ನು ಪೂರ್ತಿ ಬಲ್ಲವಳು ಅವಳೊಬ್ಬಳೇ.

"ಚಂದಾಗಿ ಹಾಡ ಅಜ್ಜಿ."

"ಹಾಡಲ್ಲವ್ವಾ ಇದು, ಹಾಜರಿ. ಹೆಸರು ಕರೀದಿದ್ರ ಹಸದು ಹೊಳ್ಳಿ ಹೋಗ್ತಾರ."

ನನ್ನ ಒಂದು ಮಗ್ಗುಲು ತುಂಬುವಂತೆ ಅರ್ಧ ಗಂಟೆ ಹಾಡಿದಳು. ಮೊದಲ ತಾಯಿ ಆಫ್ರಿಕಾದಿಂದ ಬಂದ ಹಡಗಿನಿಂದಿಳಿದು ಬಂದರಿನಲ್ಲಿ ಮಾರಾಟವಾದವಳು. ಒಡೆಯನ ಮನೆಯಿಂದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿಗೆ ಓಡಿಬಂದವಳು. ಅವಳ ಹೆಸರು ಆಗ ನನ್ನಲ್ಲಿತ್ತು.

ಮರುವರ್ಷ ರುಜಿನ್ ತೀರಿಕೊಂಡಳು. ಆಮೇಲೆ ಪ್ರತಿ ಪೂಜೆಗೂ ನನ್ನನ್ನೇ ಹಚ್ಚಿದರು. ನಾನಿದ್ದೇನೆಂಬ ಧೈರ್ಯದಲ್ಲಿ ಯಾರೂ ಹಾಡು ಕಲಿಯಲಿಲ್ಲ. ನೆನಪು ಕಾಯಲು ಬಂದ ನಾನೇ ಅವರಿಗೆ ಮರೆವು ಕಲಿಸಿದೆ.

ಹನ್ನೆರಡು ವರ್ಷಗಳ ನಂತರ ಕೇರಿಯಲ್ಲಿ ದೊಡ್ಡ ಸಮಾವೇಶ. ರುಜಿನ್‌ಳ ಮಗ ಇನಾಸ ಸಂಘದ ಅಧ್ಯಕ್ಷ. ಹೊರಗಿನ ಅತಿಥಿಗಳಿಗೆ ಹಾಡು ಕೇಳಿಸಬೇಕು, ಆದರೆ ಮೊದಲ ತಾಯಿಯ ಸಂಗತಿ ಬೇಡವೆಂದು ಅವನ ಹಟ.

"ಮಾರಾಟ ಆದವರ ಮಕ್ಕಳು ಅಂತ ನಾವ ಸಾರೂದೇನು? ಸರದಾರನ ದಂಡಿನವರು ಅಂತ ಇರಲಿ."

"ದಂಡು ನೀ ನೋಡೀಯೇನು ಮಾಮಾ?" ಎಂದಳು ಮೋನಿಕಾ.

"ನೀ ಹಡಗ ನೋಡೀಯೇನು?"

ಕೊನೆಗೆ, ಮೊದಲ ತಾಯಿಯಿದ್ದ ಮೊದಲ ಮೂರು ನಿಮಿಷಗಳನ್ನಷ್ಟೇ ಅಳಿಸಿ ಅಲ್ಲಿ ದಮಾಮದ ಬಡಿತ ತುಂಬಿಸುವುದೆಂದು ಮೋನಿಕಾ ಒಪ್ಪಿದಳು. ಹಾಡಿನ ಮೇಲೆ ಯಾರೂ ಮತ್ತೇನೂ ತುಂಬಿಸಲಾಗದಂತೆ ಅವಳೇ ಹಿಂದೆ ನನ್ನ ಬೆನ್ನಿನ ಚಕ್ಕೆ ಮುರಿದಿದ್ದಳು. ಆ ತೂತಿಗೆ ಇನಾಸ ಕಾಗದ ತುರುಕಿದ. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದರು. ಮುದುಕ ಬಸ್ತ್ಯಾಂವ ತನ್ನ ದೊಡ್ಡ ಡೋಲು ದಮಾಮವನ್ನು ಬಡಿಯತೊಡಗಿದ. ಹೆಂಗಸರು ಕುಣಿಯಲು ಎದ್ದರು. ಮೂರು ನಿಮಿಷ ಮುಗಿಯಿತು. ಇನಾಸ ನಿಲ್ಲಿಸುವ ಗುಂಡಿಯತ್ತ ಬಾಗಿದ.

"ಕೈ ತಗಿಯೋ!" ಬಸ್ತ್ಯಾಂವ ಬಡಿಯುತ್ತಲೇ ಗದರಿದ. "ದಮಾಮ ನಡದಾಗ ಕಿವಿ ಮುಚ್ಚತಾರೇನು? ಆ ಟೇಪಿಗೂ ಕಿವಿ ಐತಿ!"

ಆ ಕೇರಿಯಲ್ಲಿ ದಮಾಮ ತಾನಾಗಿ ನಿಲ್ಲುವವರೆಗೆ ಕೇಳುವವರು ಕಿವಿ ಮುಚ್ಚುವಂತಿಲ್ಲ, ಎದ್ದು ಹೋಗುವಂತಿಲ್ಲ. ಹಾಗೆ ಮಾಡಿದರೆ ಹಿರಿಯರು ಮುನಿಯುತ್ತಾರೆ. ಮೋನಿಕಾ ಕೈ ಚಾಚಿದಳು. ಬೆರಳು ಗುಂಡಿಗೆ ತಾಗಿತು. ಹಿಂದಕ್ಕೆ ತೆಗೆದುಕೊಂಡಳು. ಅವಳೂ ಅದೇ ಕೇರಿಯವಳು.

ಅಳಿಸುವಾಗ ನನಗೆ ನೋವಾಗಲಿಲ್ಲ. ಸಾಲಾಗಿ ನಿಂತಿದ್ದ ಕಣಗಳು ಬೇರೆ ಸಾಲಿಗೆ ಹೋದವು, ಅಷ್ಟೆ. ದಮಾಮ ಅರ್ಧ ಗಂಟೆಯ ಹತ್ತಿರ ನಡೆಯಿತು; ಒಬ್ಬೊಬ್ಬ ತಾಯಿಯೂ ಅಳಿದು ಹೋದಳು.

ಆ ವರ್ಷವೂ ಒಂಬತ್ತು ಎಲೆ ಹಾಕಿದರು. ಮೋನಿಕಾಳಿಗೆ ನೆನಪಿದ್ದದ್ದು ಮೂರು ಹೆಸರು; ಅವುಗಳ ಕ್ರಮವೂ ಸರಿಯಾಗಿ ತಿಳಿಯದು. ಉಳಿದ ಎಲೆಗಳಿಗೆ ಇನಾಸ ತಾನೇ ಕಟ್ಟಿದ ಸರದಾರರ ಹೆಸರು ಕರೆದ. ಯಾರೂ ತಕರಾರು ಮಾಡಲಿಲ್ಲ. ಈಗಿನ ಮಕ್ಕಳು ಆ ಸರದಾರರ ಹೆಸರನ್ನು ತಡವರಿಸದೆ ಹೇಳುತ್ತಾರೆ.

ಮೋನಿಕಾ ಕೆಲಸದಿಂದ ನಿವೃತ್ತಳಾಗಿದ್ದಾಳೆ. ನಾನು ಅವಳ ಕಪಾಟಿನಲ್ಲಿದ್ದೇನೆ. ಮೊನ್ನೆ ನನ್ನನ್ನು ಹಚ್ಚಿ, ಗಡಿಯಾರ ಹಿಡಿದು ಕೂತಳು. ದಮಾಮ ನಿಂತ ಮೇಲೆ ರುಜಿನ್ ತನ್ನ ತಾಯಿಯನ್ನು ಒಮ್ಮೆ ಕರೆಯುತ್ತಾಳೆ, ಕೆಮ್ಮುತ್ತಾಳೆ, ಪಟ್ಟಿ ಮುಗಿಯುತ್ತದೆ. ಮೋನಿಕಾ ಅಜ್ಜಿಯ ಆ ಉಳಿದ ದನಿಯನ್ನು ಮೂರು ಸಲ ಅಳೆದು ನನ್ನ ಮೇಲಿನ ಚೀಟಿಯಲ್ಲಿ ಬರೆದಳು: ಹನ್ನೊಂದೂವರೆ ಸೆಕೆಂಡು.